ಹಾಸಿಗೆ ಬಡಿದ ಗೋಡೆಗಳ ಸಂಗೀತ

ಬೆಂಡೆಕಾಯಿ ಡಬ್ಬದ ಚಿತ್ರವನ್ನೇ ಮುಖಪುಟ ಮಾಡಿಕೊಂಡ ರಾಕ್ ಸಂಗೀತದ ಎಲ್‌ಪಿ ಒಂದಿದೆ. ಅದು ಹೊರಬಂದದ್ದು 1972ರಲ್ಲಿ, ಜರ್ಮನಿಯಲ್ಲಿ. ತಂಡದ ಹೆಸರು ಕ್ಯಾನ್, ಊರು ಕಲೋನ್. ಎಲ್‌ಪಿಯ ಹೆಸರು ‘ಎಗೆ ಬಾಮ್ಯಸಿ’, ಅಂದರೆ ಟರ್ಕಿಯ ಭಾಷೆಯಲ್ಲಿ ಏಜಿಯನ್ ತೀರದ ಬೆಂಡೆಕಾಯಿ. ಪಶ್ಚಿಮ ಜರ್ಮನಿಯ ಕಾರ್ಖಾನೆಗಳಿಗೆ ಆಳು ಸಾಲದೆ 1961ರಲ್ಲಿ ಟರ್ಕಿಯ ಜೊತೆ ಒಪ್ಪಂದವಾಯಿತು. ಕೆಲಸಕ್ಕೆಂದು ಬಂದವರು ಅಲ್ಲಲ್ಲೇ ನೆಲೆ ನಿಂತರು. ಅವರ ಹಿಂದೆಯೇ ಅವರ ಅಡುಗೆ, ಅವರ ಅಂಗಡಿ, ಅವರ ಬೆಂಡೆಕಾಯಿ ಡಬ್ಬಗಳೂ ಬಂದವು. ಬೇರೆ ರಾಕ್ ತಂಡಗಳು ಮುಖಪುಟಕ್ಕೆ ಗ್ರಹ, ನಕ್ಷತ್ರ, ರಾಕ್ಷಸರನ್ನು ಬರೆಸಿಕೊಳ್ಳುತ್ತಿದ್ದ ಕಾಲದಲ್ಲಿ ಇವರು ಊರಿನ ಅಂಗಡಿಯ ತರಕಾರಿ ಡಬ್ಬವನ್ನು ಎತ್ತಿಕೊಂಡರು. ಕೈಗೆ ಸಿಕ್ಕದ್ದರಲ್ಲೇ ಕೆಲಸ ಮಾಡುವುದು ಆ ತಂಡದ ಸ್ವಭಾವವೇ ಆಗಿತ್ತು. ನನಗೆ ಅವರು ಮೊದಲು ಇಷ್ಟವಾದದ್ದೇ ಅದಕ್ಕೆ.

ಎಪ್ಪತ್ತರ ದಶಕದ ಜರ್ಮನ್ ಸಂಗೀತ ಅಂದ ಕೂಡಲೇ ಬಹಳ ಜನರ ಕಣ್ಣಿಗೆ ಕಟ್ಟುವುದು ಕ್ರಾಫ್ಟ್‌ವೆರ್ಕ್ ತಂಡದ 1978ರ ಆ ಚಿತ್ರ: ಕೆಂಪು ಅಂಗಿ, ಕಪ್ಪು ಟೈ, ನಾಲ್ಕು ಗೊಂಬೆ ಮುಖ. ಅದನ್ನು ನೋಡಿ, ಇದು ಯಂತ್ರದ ಸಂಗೀತ, ಗುಂಡಿ ಒತ್ತಿದರೆ ತಾನೇ ನುಡಿಯುವಂಥದ್ದು ಎಂದು ತೀರ್ಮಾನಿಸಿ ಕೈ ತೊಳೆದುಕೊಳ್ಳುತ್ತಾರೆ. ನನ್ನ ತಕರಾರು ಇರುವುದು ಅಲ್ಲೇ. ಇಷ್ಟು ಕೈಕೆಲಸ ಬೇಡಿದ ಸಂಗೀತ ಕಳೆದ ಶತಮಾನದಲ್ಲಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಟೇಪು ಕತ್ತರಿಸಿದ್ದು ಕೈ, ಅಂಟಿಸಿದ್ದು ಕೈ, ಗೋಡೆಗೆ ಹಾಸಿಗೆ ಬಡಿದದ್ದೂ ಕೈ. ಹಾಸಿಗೆಯ ಕತೆಗೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ಕಲೋನ್ ಬಾನುಲಿ ನಿಲಯಕ್ಕೆ ಹೋಗಿಬರೋಣ.

ಅಲ್ಲಿ 1951ರಲ್ಲಿ ಎಲೆಕ್ಟ್ರಾನಿಕ್ ಸಂಗೀತಕ್ಕೆಂದೇ ಒಂದು ಸ್ಟುಡಿಯೋ ತೆರೆಯುವ ತೀರ್ಮಾನವಾಯಿತು. ಹಿಂದೆ ನಿಂತವರು ಹರ್ಬರ್ಟ್ ಐಮರ್ಟ್, ರಾಬರ್ಟ್ ಬೈಯರ್ ಮತ್ತು ಧ್ವನಿವಿಜ್ಞಾನಿ ವರ್ನರ್ ಮೇಯರ್-ಎಪ್ಲರ್. 1953ರಲ್ಲಿ ಬಂದು ಸೇರಿದವರು ಇನ್ನೂ ಇಪ್ಪತ್ತೈದು ತುಂಬದ ಕಾರ್ಲ್‌ಹೈಂಜ್ ಸ್ಟಾಕ್‌ಹೌಸನ್. ಅಲ್ಲಿ ಸಿಂಥಸೈಜರ್ ಇರಲಿಲ್ಲ. ಅದು ಮಾರುಕಟ್ಟೆಗೆ ಬರುವುದಕ್ಕೆ ಇನ್ನೂ ಸುಮಾರು ಹತ್ತು ವರ್ಷ ಬೇಕಿತ್ತು. ಇದ್ದದ್ದು ಪರೀಕ್ಷೆಗೆ ಬಳಸುವ ಸ್ವರ ಹೊರಡಿಸುವ ಉಪಕರಣ, ಫಿಲ್ಟರ್, ಟೇಪ್ ರೆಕಾರ್ಡರ್. ಟೇಪು ಸೆಕೆಂಡಿಗೆ 76.2 ಸೆಂಟಿಮೀಟರ್ ಓಡುತ್ತಿತ್ತು. ಹಾಗಾಗಿ ಸ್ವರದ ಕಾಲವನ್ನು ಅಳತೆಪಟ್ಟಿ ಹಿಡಿದು ಅಳೆಯಬಹುದಿತ್ತು. ಸ್ಟಾಕ್‌ಹೌಸನ್ನರ 1954ರ ‘ಸ್ಟಡಿ 2’ ಕೃತಿಯ ಬರಹದಲ್ಲಿ ಸ್ವರಗಳ ಉದ್ದ ಸೆಂಟಿಮೀಟರಿನಲ್ಲೇ ಇದೆ. ಅಳೆ, ಕತ್ತರಿಸು, ಅಂಟಿಸು, ಕೇಳು, ಮತ್ತೆ ಕತ್ತರಿಸು. 1956ರಲ್ಲಿ ಅವರು ಒಬ್ಬ ಹುಡುಗನ ಕಂಠವನ್ನು ಎಲೆಕ್ಟ್ರಾನಿಕ್ ಸ್ವರಗಳ ಜೊತೆ ಹೆಣೆದು ‘ಗೆಸಾಂಗ್ ಡೆರ್ ಯುಂಗ್ಲಿಂಗೆ’ ಮಾಡಿದರು. ಬೈಬಲ್ಲಿನ ದಾನಿಯೇಲನ ಕತೆಯಲ್ಲಿ ಉರಿಯುವ ಕುಲುಮೆಯೊಳಗೆ ನಿಂತು ದೇವರನ್ನು ಹೊಗಳುವ ತರುಣರ ಹಾಡು ಅದು. ಹುಡುಗನ ದನಿ ಎಲ್ಲಿ ಮುಗಿದು ಯಂತ್ರದ ದನಿ ಎಲ್ಲಿ ಶುರುವಾಯಿತು ಎಂದು ಕಿವಿಗೆ ಪತ್ತೆಯಾಗುವುದಿಲ್ಲ. ಎಪ್ಪತ್ತು ವರ್ಷ ಆಗುತ್ತ ಬಂದರೂ ಅದನ್ನು ಕೇಳಿದಾಗ ಮೈ ಜುಮ್ಮೆನ್ನುತ್ತದೆ.

ಈ ಸ್ಟಾಕ್‌ಹೌಸನ್ನರ ಶಿಷ್ಯರಾಗಿದ್ದ ಇಬ್ಬರು ಕ್ಯಾನ್ ತಂಡ ಕಟ್ಟಿದರು. ಒಬ್ಬರು ಇರ್ಮಿನ್ ಶ್ಮಿಟ್, ಇನ್ನೊಬ್ಬರು ಹೋಲ್ಗರ್ ಚುಕೈ. ಶ್ಮಿಟ್ ಶಾಲೆಯಲ್ಲಿದ್ದಾಗ ಶಿಕ್ಷಕರ ನಾಜಿ ಚರಿತ್ರೆಯನ್ನು ಹುಡುಕಿ ತೆಗೆದು ಶಾಲೆಯ ಪತ್ರಿಕೆಯಲ್ಲಿ ಬರೆದು, ಶಾಲೆಯಿಂದಲೇ ಹೊರಬಿದ್ದವರು. ಈ ಒಂದು ಸಂಗತಿ ತಿಳಿಯದೆ ಇವರ ಸಂಗೀತ ಅರ್ಥವಾಗುವುದು ಕಷ್ಟ. ಯುದ್ಧದ ಆಸುಪಾಸಿನಲ್ಲಿ ಹುಟ್ಟಿದ ಆ ಪೀಳಿಗೆ ಕಣ್ಣುಬಿಟ್ಟಾಗ ಮನೆ, ಶಾಲೆ, ನ್ಯಾಯಾಲಯ, ಎಲ್ಲ ಕಡೆಯೂ ಹಿಂದಿನದನ್ನು ಬಾಯಿಬಿಡದ ಹಿರಿಯರು ಕೂತಿದ್ದರು. ರೇಡಿಯೋದಲ್ಲಿ ಸಿಹಿ ಸಿಹಿಯಾದ ಪ್ರೇಮಗೀತೆ. ಅದು ಬೇಡವೆಂದರೆ ಅಮೆರಿಕ, ಇಂಗ್ಲೆಂಡಿನಿಂದ ಬಂದ ರಾಕ್, ಬ್ಲೂಸ್. ಹಿರಿಯರದ್ದನ್ನು ಮುಟ್ಟಲು ಮನಸ್ಸಿಲ್ಲ, ಹೊರಗಿನವರದ್ದನ್ನು ಹಾಡಿದರೆ ನಕಲು. ನಮ್ಮಲ್ಲಿ ಹಾಡಲು ಕೂತವನ ಬೆನ್ನ ಹಿಂದೆ ಗುರು, ಗುರುವಿನ ಗುರು, ಅವರಾಚೆಗೆ ಪುರಂದರದಾಸರವರೆಗೆ ಒಂದು ಸಾಲೇ ನಿಂತಿರುತ್ತದೆ. ಬೆನ್ನ ಹಿಂದೆ ಯಾರೂ ಇಲ್ಲದೆ ಹಾಡುವುದು ಎಂಥ ಭಯದ ಕೆಲಸ ಎಂದು ಯೋಚಿಸಿದಾಗ ಆ ಹುಡುಗರ ಮೇಲೆ ನನಗೆ ಮಮತೆ ಉಕ್ಕುತ್ತದೆ.

ಚುಕೈ ಸ್ವಿಟ್ಜರ್ಲೆಂಡಿನ ಶಾಲೆಯೊಂದರಲ್ಲಿ ಸಂಗೀತದ ಮೇಷ್ಟ್ರಾಗಿದ್ದರು. ಅಲ್ಲಿನ ವಿದ್ಯಾರ್ಥಿ ಮಿಶಾಯೆಲ್ ಕರೋಲಿ, ವಯಸ್ಸಿನಲ್ಲಿ ಹತ್ತು ವರ್ಷ ಚಿಕ್ಕವನು, ಮೇಷ್ಟ್ರಿಗೆ ಬೀಟಲ್ಸ್ ಕೇಳಿಸಿದ. ಮೇಷ್ಟ್ರು ಮಾರುಹೋದರು. 1968ರಲ್ಲಿ ಶಿಷ್ಯ ಗಿಟಾರ್ ಹಿಡಿದ, ಮೇಷ್ಟ್ರು ಬೇಸ್ ಗಿಟಾರ್ ಹಿಡಿದರು. ಡ್ರಮ್ಸಿಗೆ ಬಂದವರು ಯಾಕಿ ಲೀಬೆಟ್ಸೈಟ್. ಅದುವರೆಗೆ ಅವರು ತಾಳದ ಹಂಗೇ ಇಲ್ಲದ ಫ್ರೀ ಜಾಜ್ ನುಡಿಸುತ್ತಿದ್ದವರು. ಒಂದು ರಾತ್ರಿ ಯಾರೋ ಕೇಳುಗ ಅವರ ಬಳಿ ಬಂದು, ನೀನು ಏಕತಾನವಾಗಿ ನುಡಿಸಬೇಕು ಎಂದು ಹೇಳಿಹೋದನಂತೆ. ಅವರು ಆ ಮಾತನ್ನು ಜೀವಮಾನವಿಡೀ ಪಾಲಿಸಿದರು. ಬೀಸುವ ಕಲ್ಲು ಸುತ್ತಿದಂತೆ ಅವರ ಲಯ ಸುತ್ತುತ್ತದೆ. ಕಲ್ಲಿನ ಸುತ್ತು ಬದಲಾಗದೆ ಇರುವುದರಿಂದಲೇ ಮೇಲೆ ಹಾಡುವವರು ಎಷ್ಟು ದೂರ ಬೇಕಾದರೂ ಹೋಗಿಬರಬಹುದು. 1971ರ ‘ಟಾಗೊ ಮಾಗೊ’ ಎಲ್‌ಪಿಯಲ್ಲಿ ‘ಹಲೆಲುವಾ’ ಎಂಬ ಹದಿನೆಂಟು ನಿಮಿಷದ ತುಂಡು ಇದೆ. ಡ್ರಮ್ಸನ್ನಷ್ಟೇ ಹಿಂಬಾಲಿಸಿ ಕೇಳಿ. ಮೊದಲು ಒಂದೇ ತರಹ ಅನ್ನಿಸುತ್ತದೆ. ಸ್ವಲ್ಪ ಹೊತ್ತಿಗೆ ಒಂದೊಂದು ಏಟಿನ ತೂಕ ಬೇರೆ ಬೇರೆ ಎಂದು ತಿಳಿಯತೊಡಗುತ್ತದೆ.

ಹಾಡುಗಾರರ ಕತೆ ಇನ್ನೂ ಸ್ವಾರಸ್ಯ. ಮೊದಲ ಗಾಯಕ ಮಾಲ್ಕಮ್ ಮೂನಿ ಅಮೆರಿಕದ ಶಿಲ್ಪಿ. ಅವರು ಊರಿಗೆ ಮರಳಿದ ಮೇಲೆ, 1970ರಲ್ಲಿ, ಚುಕೈ ಮತ್ತು ಲೀಬೆಟ್ಸೈಟ್ ಮ್ಯೂನಿಕ್ಕಿನ ಕೆಫೆಯೊಂದರ ಹೊರಗೆ ಕೂತಿದ್ದಾಗ ಬೀದಿಯಲ್ಲಿ ಒಬ್ಬ ಜಪಾನಿ ಯುವಕ ತನ್ನ ಪಾಡಿಗೆ ಕೂಗಿ ಹಾಡುತ್ತಿದ್ದ. ಇವತ್ತು ರಾತ್ರಿ ನಮ್ಮ ಜೊತೆ ಹಾಡುತ್ತೀಯಾ ಎಂದು ಕೇಳಿದರು. ಅಭ್ಯಾಸವಿಲ್ಲ, ಪರಿಚಯವಿಲ್ಲ, ಅವತ್ತೇ ರಾತ್ರಿ ವೇದಿಕೆ ಹತ್ತಿದ. ಅವರೇ ದಾಮೊ ಸುಜುಕಿ. ಅವರ ಹಾಡಿನ ಮಾತುಗಳು ಇಂಗ್ಲಿಷೋ ಜಪಾನಿಯೋ ಜರ್ಮನ್ನೋ ಯಾವುದೂ ಅಲ್ಲದ ಇನ್ನೇನೋ ಎಂದು ಹೇಳಲಾಗದಂತೆ ಕಲೆತು ಬರುತ್ತವೆ. 2024ರಲ್ಲಿ ತೀರಿಕೊಳ್ಳುವ ಮುಂಚಿನ ಹಲವು ವರ್ಷ ಅವರು ಊರೂರು ತಿರುಗಿ, ಆಯಾ ಊರಿನ ವಾದ್ಯಗಾರರ ಜೊತೆ ಮುಂಚಿತವಾಗಿ ಏನನ್ನೂ ನಿಗದಿ ಮಾಡಿಕೊಳ್ಳದೆ ಹಾಡಿದರು.

ಈಗ ಹಾಸಿಗೆ. ಕ್ಯಾನ್ ಮೊದಲು ನುಡಿಸಿದ್ದು ನ್ಯೋರ್ವೆನಿಶ್ ಎಂಬಲ್ಲಿನ ಕೋಟೆಮನೆಯಲ್ಲಿ. ಆಮೇಲೆ ಕಲೋನಿನ ಪಕ್ಕದ ವೈಲರ್ಸ್‌ವಿಸ್ಟ್ ಊರಿನಲ್ಲಿ ಮುಚ್ಚಿಹೋಗಿದ್ದ ಸಿನಿಮಾ ಮಂದಿರವೊಂದನ್ನು ಹಿಡಿದರು. ಸದ್ದು ಗೋಡೆಗೆ ಬಡಿದು ಮರುದನಿಸದಿರಲಿ ಎಂದು ಸೈನ್ಯದವರು ಬಳಸಿ ಬಿಟ್ಟ ಸುಮಾರು 1500 ಹಾಸಿಗೆಗಳನ್ನು ತಂದು ಗೋಡೆಗೆಲ್ಲ ಬಡಿದರು. ಒಂದು ಯುದ್ಧ ಸೋತ ದೇಶದಲ್ಲಿ ಸಿಪಾಯಿಗಳ ಹಾಸಿಗೆ ಸಂಗೀತಕ್ಕೆ ಒದಗಿತು. ಒಳಗೆ ಎರಡೇ ಟ್ರ್ಯಾಕಿನ ಟೇಪ್ ಯಂತ್ರ. ತಂಡ ಗಂಟೆಗಟ್ಟಲೆ ನುಡಿಸುವುದು, ಆಮೇಲೆ ಚುಕೈ ಬ್ಲೇಡು ಹಿಡಿದು ಕೂತು ಆ ಉದ್ದದ ಟೇಪಿನಿಂದ ಹತ್ತು ನಿಮಿಷ, ಹದಿನೈದು ನಿಮಿಷ ಬೇರ್ಪಡಿಸಿ ಅಂಟಿಸುವುದು. ಸ್ಟಾಕ್‌ಹೌಸನ್ನರ ಸ್ಟುಡಿಯೋದ ಕತ್ತರಿ ವಿದ್ಯೆ ರಾಕ್ ಸಂಗೀತಕ್ಕೆ ದಾಟಿದ್ದು ಹೀಗೆ. ಆ ಸ್ಟುಡಿಯೋವನ್ನು ಈಗ ಹಾಸಿಗೆಗಳ ಸಮೇತ ಗ್ರೊನೌ ಊರಿನ ವಸ್ತುಸಂಗ್ರಹಾಲಯಕ್ಕೆ ಸಾಗಿಸಿ ಇಟ್ಟಿದ್ದಾರೆ.

ಕಟ್ಟಡಗಳ ಮಾತು ಬಂತು, ಇನ್ನೆರಡು ಹೇಳಿಬಿಡುತ್ತೇನೆ. ಫೌಸ್ಟ್ ತಂಡ ನೆಲೆಸಿದ್ದು ವ್ಯುಮ್ಮೆ ಎಂಬ ಹಳ್ಳಿಯ ಹಳೇ ಶಾಲೆಯಲ್ಲಿ. ಅವರ ‘ದಿ ಫೌಸ್ಟ್ ಟೇಪ್ಸ್’ 1973ರಲ್ಲಿ ಇಂಗ್ಲೆಂಡಿನಲ್ಲಿ ಬರೀ 49 ಪೆನ್ಸಿಗೆ ಮಾರಾಟವಾಗಿ, ಇಂಥದ್ದೊಂದು ಸಂಗೀತವಿದೆ ಎಂದೇ ಗೊತ್ತಿಲ್ಲದ ಸಾವಿರಾರು ಮನೆ ಹೊಕ್ಕಿತು. ಇನ್ನೊಂದು, ಕೋನಿ ಪ್ಲಾಂಕ್ ಎಂಬ ಧ್ವನಿಮುದ್ರಣ ತಜ್ಞರು ಕಲೋನಿನ ಹೊರಗೆ ವೋಲ್ಪರಾಟ್ ಹಳ್ಳಿಯ ಹೊಲಮನೆಯಲ್ಲಿ ಕಟ್ಟಿಕೊಂಡ ಸ್ಟುಡಿಯೋ. ಈ ಮನುಷ್ಯನ ಬಗ್ಗೆ ಒಂದು ಪುಸ್ತಕವೇ ಬರೆಯಬೇಕು. ಕ್ಲಸ್ಟರ್, ಕ್ರಾಫ್ಟ್‌ವೆರ್ಕ್, ನೊಯ್, ಎಲ್ಲರ ಆರಂಭದ ಕೆಲಸದ ಹಿಂದೆ ಅವರ ಕಿವಿ ಇದೆ. 1987ರಲ್ಲಿ, ಐವತ್ತು ತುಂಬುವ ಮೊದಲೇ ಹೋಗಿಬಿಟ್ಟರು.

ನೊಯ್ ಅಂದೆನಲ್ಲ, ಅದು ಡುಸೆಲ್‌ಡೋರ್ಫಿನ ಇಬ್ಬರ ತಂಡ: ಡ್ರಮ್ಸಿನ ಕ್ಲೌಸ್ ಡಿಂಗರ್, ಗಿಟಾರಿನ ಮಿಶಾಯೆಲ್ ರೋಟರ್. 1971ರ ಡಿಸೆಂಬರಿನಲ್ಲಿ ಹ್ಯಾಂಬರ್ಗಿನ ಸ್ಟುಡಿಯೋವೊಂದರಲ್ಲಿ ಪ್ಲಾಂಕ್ ಜೊತೆ ನಾಲ್ಕು ರಾತ್ರಿ ಕೂತು ಮೊದಲ ಎಲ್‌ಪಿ ಮುಗಿಸಿದರು. ಅದರ ಮೊದಲ ತುಂಡು ‘ಹಾಲೊಗಾಲೊ’, ಹತ್ತು ನಿಮಿಷ. ಡ್ರಮ್ಸು ಒಂದೇ ನಡೆಯಲ್ಲಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಗಿಟಾರುಗಳು ಒಂದರ ಮೇಲೊಂದು ತೇಲುತ್ತವೆ. ಪಲ್ಲವಿಗೆ ಮರಳುವುದು, ಏರುವುದು, ಇಳಿಯುವುದು ಯಾವುದೂ ಇಲ್ಲ. ಪತ್ರಿಕೆಗಳವರು ಈ ಲಯಕ್ಕೆ ‘ಮೋಟೋರಿಕ್’ ಎಂದು ಹೆಸರಿಟ್ಟರು. ಡಿಂಗರ್‌ಗೆ ಅದು ಹಿಡಿಸಲೇ ಇಲ್ಲ. ಇದು ಮೋಟಾರಿನ ಲಯವಲ್ಲ, ಮನುಷ್ಯನದ್ದು ಎಂದು ಕೊನೆಯವರೆಗೂ ಹೇಳುತ್ತಿದ್ದರು. ನಾನು ಅವರ ಪಕ್ಷ.

ರೋಟರ್ ಹುಡುಗನಾಗಿದ್ದಾಗ, ಅರವತ್ತರ ದಶಕದ ಮೊದಲ ವರ್ಷಗಳಲ್ಲಿ, ತಂದೆಯ ಕೆಲಸದ ನಿಮಿತ್ತ ಕರಾಚಿಯಲ್ಲಿ ಬೆಳೆದವರು. ಅಲ್ಲಿ ಕೇಳಿದ, ಮೊದಲೂ ಇಲ್ಲ ಕೊನೆಯೂ ಇಲ್ಲ ಅನ್ನಿಸುವ ಸಂಗೀತ ತನ್ನನ್ನು ಹಿಡಿದಿಟ್ಟಿತು ಎಂದು ದೊಡ್ಡವರಾದ ಮೇಲೆ ಹೇಳಿಕೊಂಡಿದ್ದಾರೆ. ಅದನ್ನು ತಿಳಿದ ಮೇಲೆ ‘ಹಾಲೊಗಾಲೊ’ ನಮ್ಮ ಕಿವಿಗೆ ಯಾಕಷ್ಟು ಬೇಗ ಒಗ್ಗುತ್ತದೆ ಎಂದು ಸ್ವಲ್ಪ ಹೊಳೆಯಿತು. ಇರ್ಮಿನ್ ಶ್ಮಿಟ್ ಕೂಡ 1966ರಲ್ಲಿ ನ್ಯೂಯಾರ್ಕಿಗೆ ವಾದ್ಯಮೇಳ ನಡೆಸುವವರ ಸ್ಪರ್ಧೆಗೆಂದು ಹೋಗಿ ಅಮೆರಿಕದ ಸಂಗೀತ ರಚನೆಕಾರ ಟೆರಿ ರೈಲಿಯವರನ್ನು ಕಂಡು, ಅವರ ಜೊತೆ ಕೂತು, ಬೇರೆಯೇ ಮನುಷ್ಯರಾಗಿ ಬಂದವರು. ಆ ರೈಲಿ ಮುಂದೆ 1970ರಲ್ಲಿ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಪ್ರಾಣನಾಥರು ಕಿರಾನಾ ಘರಾಣೆಯವರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರ ಮೂಲಕ ನಾವು ನಮ್ಮ ಮನೆಯದೇ ಎಂದುಕೊಂಡ ಘರಾಣೆ ಅದು. ಒಂದು ಸ್ವರದ ಮೇಲೆ ನಿಂತು ಅದರ ಒಳಗನ್ನೆಲ್ಲ ಕಾಣುವ ತಾಳ್ಮೆಗೆ ಕಿರಾನಾ ಹೆಸರಾಯಿತು. ಜರ್ಮನ್ನರು ಅದನ್ನು ಇಲ್ಲಿಂದ ಕೊಂಡೊಯ್ದರು ಎಂದು ನಾನು ಹೇಳುತ್ತಿಲ್ಲ. ಆ ತಾಳ್ಮೆಯ ಹಸಿವು ಆ ವರ್ಷಗಳಲ್ಲಿ ಬೇರೆ ಬೇರೆ ಊರುಗಳಲ್ಲಿ ಒಟ್ಟಿಗೇ ಹುಟ್ಟಿತ್ತು.

ನೊಯ್ ತಂಡದ ಎರಡನೇ ಎಲ್‌ಪಿಯ ಪ್ರಸಂಗವನ್ನು ಬಿಡಲಾಗದು. ಅರ್ಧ ಮುಗಿಯುವಷ್ಟರಲ್ಲಿ ದುಡ್ಡು ಖಾಲಿ. ಎಲ್‌ಪಿಗೆ ಎರಡು ಮುಖ ಬೇಕಲ್ಲ? ಆಗಲೇ ಹೊರಬಂದಿದ್ದ ತಮ್ಮದೇ ಚಿಕ್ಕ ತಟ್ಟೆಯೊಂದನ್ನು ತೆಗೆದುಕೊಂಡು 78ರ ವೇಗದಲ್ಲಿ ಒಮ್ಮೆ, 16ರ ವೇಗದಲ್ಲಿ ಒಮ್ಮೆ ತಿರುಗಿಸಿ ಎರಡನೇ ಮುಖ ತುಂಬಿಸಿಬಿಟ್ಟರು. 1973ರಲ್ಲಿ ಅದನ್ನು ಕೇಳಿದವರು ಮೋಸ ಎಂದರು. ಇಂದು ಅದೇ ಕೆಲಸವನ್ನು ರೀಮಿಕ್ಸ್ ಎಂದು ಕರೆದು ಲೋಕವೆಲ್ಲ ಮಾಡುತ್ತಿದೆ.

ಬರ್ಲಿನ್ನಿನ ಹವೆ ಬೇರೆ. ಗೋಡೆ ಸುತ್ತುವರಿದ ಆ ನಗರದಲ್ಲಿ 1968ರ ಹೊತ್ತಿಗೆ ‘ಝೋಡಿಯಾಕ್’ ಎಂಬ ಜಾಗವೊಂದು ಕೆಲವೇ ತಿಂಗಳು ನಡೆಯಿತು. ಯಾರು ಬೇಕಾದರೂ ಬಂದು ಏನು ಬೇಕಾದರೂ ನುಡಿಸಬಹುದಾಗಿದ್ದ ಜಾಗ. ನಡೆಸಿದವರು ಕಾನ್ರಾಡ್ ಶ್ನಿಟ್ಸ್‌ಲರ್ ಮತ್ತು ಹಾನ್ಸ್-ಯೋಆಖಿಮ್ ರೋಡೆಲಿಯುಸ್. ರೋಡೆಲಿಯುಸ್ ಹುಡುಗನಾಗಿದ್ದಾಗ ಸಿನಿಮಾದಲ್ಲಿ ನಟಿಸಿದವರು, ಪೂರ್ವ ಜರ್ಮನಿಯಲ್ಲಿ ಜೈಲು ಕಂಡವರು, ಮೈ ಮಾಲೀಸಿನ ಕೆಲಸ ಮಾಡಿ ಹೊಟ್ಟೆ ಹೊರೆದವರು. ಇವರ ಕ್ಲಸ್ಟರ್ ತಂಡದ ಮೊದಲ ತಟ್ಟೆಯನ್ನು ಹೊರತಂದದ್ದು ಚರ್ಚ್ ಸಂಗೀತ ಪ್ರಕಟಿಸುವ ಕಂಪನಿ. ಅದಕ್ಕೆ ಪ್ರತಿಯಾಗಿ ಒಂದು ಮುಖದಲ್ಲಿ ಧಾರ್ಮಿಕ ಪಠ್ಯ ಓದಿಸಬೇಕಾಗಿತ್ತು, ಅಷ್ಟೆ. ಆ ಗಡಚಿಕ್ಕುವ ಸದ್ದಿಗೆ ಹಣ ಹಾಕಿದವರಿಗೆ ನನ್ನ ನಮಸ್ಕಾರ.

ಅದೇ ಬರ್ಲಿನ್ನಿನ ಕ್ಲೌಸ್ ಶುಲ್ಟ್ಸೆಯವರ ‘ಇರ್‌ಲಿಶ್ಟ್’ (1972) ಎಲೆಕ್ಟ್ರಾನಿಕ್ ಸಂಗೀತದ ದೊಡ್ಡ ಕೃತಿ ಎನ್ನಿಸಿಕೊಂಡಿದೆ. ಅದರಲ್ಲಿ ಸಿಂಥಸೈಜರೇ ಇಲ್ಲ. ಕೊಳ್ಳಲು ಹಣವಿರಲಿಲ್ಲ. ಕೆಟ್ಟ ಆರ್ಗನ್ ಒಂದನ್ನು ಬಿಚ್ಚಿ ಜೋಡಿಸಿ, ವಾದ್ಯಮೇಳವೊಂದು ಅಭ್ಯಾಸ ಮಾಡುತ್ತಿದ್ದಾಗ ಹಿಡಿದ ಟೇಪನ್ನು ಹಿಂದುಮುಂದಾಗಿ ಓಡಿಸಿ ಅದನ್ನು ಮಾಡಿದರು. ಟ್ಯಾಂಜರೀನ್ ಡ್ರೀಮ್ ತಂಡದವರಿಗೆ ಯಂತ್ರ ಸಿಕ್ಕಿತು, ಅದರ ಕಾಟವೂ ಸಿಕ್ಕಿತು. ಆಗಿನ ಮೂಗ್ ಸಿಂಥಸೈಜರ್ ಬಿಸಿಯೇರಿದಂತೆಲ್ಲ ಶ್ರುತಿ ಜಾರಿಸುತ್ತಿತ್ತು. ಶ್ರುತಿ ಮಾಡುವುದಕ್ಕೇ ಗಂಟೆಗಳು ಬೇಕಿದ್ದವು. 1974ರ ‘ಫೇಡ್ರಾ’ದ ಮೊದಲ ತುಂಡಿನಲ್ಲಿ ಆ ಜಾರುವಿಕೆ ಹಾಗೇ ಉಳಿದಿದೆ. ಮೇಳೈಸಿ ಓಡುವ ಸ್ವರಗಳು ನಿಧಾನವಾಗಿ ತಮ್ಮ ಜಾಗ ಬಿಡುವುದನ್ನು ಕಿವಿಯಿಟ್ಟರೆ ಕೇಳಬಹುದು. ಆ ತುಂಡಿಗೆ ಜೀವ ಬಂದದ್ದೇ ಅಲ್ಲಿ.

ಕ್ರಾಫ್ಟ್‌ವೆರ್ಕ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ಚಿಕ್ಕದಾಗಿ ಮುಗಿಸುತ್ತೇನೆ. ರಾಲ್ಫ್ ಹುಟ್ಟರ್, ಫ್ಲೋರಿಯಾನ್ ಶ್ನೈಡರ್ ಇಬ್ಬರೂ ಶಾಸ್ತ್ರೀಯ ಸಂಗೀತ ಕಲಿತವರು, ಶ್ನೈಡರ್ ಕೊಳಲುಗಾರ. 1974ರ ‘ಆಟೋಬಾನ್’ ಹೆದ್ದಾರಿಯ ಮೇಲೆ ಕಾರಿನಲ್ಲಿ ಹೋಗುವ ಇಪ್ಪತ್ತೆರಡು ನಿಮಿಷದ ಹಾಡು. ಅದರಲ್ಲಿ ಕೊಳಲೂ ಇದೆ, ಗಿಟಾರೂ ಇದೆ. ಎಲೆಕ್ಟ್ರಾನಿಕ್ ಡ್ರಮ್ಸು ಮನೆಯಲ್ಲೇ ಮಾಡಿಕೊಂಡದ್ದು. ಹೆಣಿಗೆ ಕಡ್ಡಿಯಂಥ ಲೋಹದ ಕಡ್ಡಿ ಹಿಡಿದು ಬಿಲ್ಲೆಗಳಿಗೆ ಮುಟ್ಟಿಸಿದರೆ ನುಡಿಯುತ್ತಿತ್ತು. ಅಮೆರಿಕದಲ್ಲಿ ಅದರ ಸಂಕ್ಷಿಪ್ತ ರೂಪ 25ನೇ ಸ್ಥಾನಕ್ಕೇರಿತು. 1982ರಲ್ಲಿ ನ್ಯೂಯಾರ್ಕಿನ ಆಫ್ರಿಕಾ ಬಂಬಾಟ ಇವರ ಎರಡು ಹಾಡುಗಳ ಸ್ವರ, ಲಯ ಹಿಡಿದು ‘ಪ್ಲಾನೆಟ್ ರಾಕ್’ ಮಾಡಿದರು. ಹಿಪ್ ಹಾಪ್ ಕುಣಿತದ ಒಂದು ದಾರಿಯೇ ಅಲ್ಲಿಂದ ತೆರೆಯಿತು. ಕ್ರಾಫ್ಟ್‌ವೆರ್ಕಿನ ಮೇಲೆ ನನಗೆ ಗೌರವ ಬಹಳ. ಪ್ರೀತಿ ಮಾತ್ರ ಕ್ಯಾನ್ ಮೇಲೆಯೇ.

ನನಗೆ ಇನ್ನೂ ಹತ್ತಿರದ್ದು ಒಂದಿದೆ. ಮ್ಯೂನಿಕ್ಕಿನ ಎಂಬ್ರಿಯೊ ತಂಡ, ಕ್ರಿಸ್ಟಿಯಾನ್ ಬುರ್ಖಾರ್ಡರದ್ದು, 1978ರಲ್ಲಿ ಬಸ್ಸಿನಲ್ಲಿ ಸಂಸಾರ ಸಮೇತ ಹೊರಟು ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಭಾರತಕ್ಕೆ ಬಂತು. ದಾರಿಯುದ್ದಕ್ಕೂ ಆಯಾ ನಾಡಿನ ವಾದ್ಯಗಾರರ ಜೊತೆ ನುಡಿಸುತ್ತ ಬಂದರು. ಆ ಪ್ರಯಾಣದ ಸಿನಿಮಾ ಇದೆ, ‘ಎಂಬ್ರಿಯೊಸ್ ರೈಜೆ’ ಎಂಬ ಎಲ್‌ಪಿಯೂ ಇದೆ. ಬೆಂಗಳೂರಿನಲ್ಲಿ 1964ರಿಂದ ನಡೆಯುತ್ತ ಬಂದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ನಿಗೂ ಈ ಬಳಗಕ್ಕೂ ನಂಟು ಬೆಳೆಯಿತು. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಮತ್ತು ಗಾಯಕಿ ಆರ್.ಎ. ರಮಾಮಣಿ ದಂಪತಿ ಬೆಳೆಸಿದ ಸಂಸ್ಥೆ ಅದು. ಎಂಬ್ರಿಯೊದಿಂದ ಬೇರೆಯಾದವರು ಕಟ್ಟಿದ ಡಿಸಿಡೆಂಟನ್ ತಂಡ 1982ರಲ್ಲಿ ‘ಜರ್ಮನಿಸ್ತಾನ್’ ಎಂಬ ತಟ್ಟೆಯನ್ನು ಇವರ ಜೊತೆಗೇ ಮಾಡಿತು. ಮಣಿಯವರ ಬಳಿ ಕಲಿತ ರಮೇಶ್ ಶೊಥಾಂ ಕಲೋನಿಗೇ ಹೋಗಿ ನೆಲೆಸಿ ಅಲ್ಲಿನ ತಾಳವಾದ್ಯ ಲೋಕದಲ್ಲಿ ದೊಡ್ಡ ಹೆಸರಾದರು. 1983ರಲ್ಲಿ ರಮಾಮಣಿ, ಮಣಿ, ಆರ್.ಎ. ರಾಜಗೋಪಾಲ್, ಟಿ.ಎನ್. ಶಶಿಕುಮಾರ್ ಜರ್ಮನಿಯ ಲುಡ್ವಿಗ್ಸ್‌ಬುರ್ಗಿನಲ್ಲಿ ಕೂತು ಸ್ಯಾಕ್ಸೊಫೋನಿನ ಚಾರ್ಲಿ ಮಾರಿಯಾನೊ ಜೊತೆ ‘ಜ್ಯೋತಿ’ ಮುದ್ರಿಸಿದರು. ಮಾರಿಯಾನೊ ಅಮೆರಿಕದವರು, ಎಂಬ್ರಿಯೊದಲ್ಲಿ ನುಡಿಸಿದವರು, ನಾಗಸ್ವರ ಕಲಿತವರು. ಆ ತಟ್ಟೆಯಲ್ಲಿ ಯಾರೂ ಯಾರಿಗೂ ಅಲಂಕಾರವಾಗಿ ಕೂತಿಲ್ಲ. ಕೊನ್ನಕ್ಕೋಲಿನ ಜತಿಗಳು ಬರುವಾಗ ಸ್ಯಾಕ್ಸೊಫೋನು ಸುಮ್ಮನಿರುವುದನ್ನು ಬಲ್ಲದು.

ಬೆಂಗಳೂರಿನ ಈ ನಾಲ್ವರ ಕೆಲಸ ಯುರೋಪಿನ ಸಂಗೀತಪ್ರಿಯರ ಕಪಾಟಿನಲ್ಲಿ ನಲವತ್ತು ವರ್ಷದಿಂದ ಇದೆ. ನಮ್ಮ ಪತ್ರಿಕೆಗಳಲ್ಲಿ, ನಮ್ಮ ಸಂಗೀತ ಸಭೆಗಳ ಮಾತುಗಳಲ್ಲಿ ಅದರ ಪ್ರಸ್ತಾಪ ಅಷ್ಟಾಗಿ ಬರುವುದಿಲ್ಲ ಎಂಬುದು ನನ್ನ ಕೊರಗು. ಯಾರಾದರೂ ಕೂತು ಆ ಕಾಲದ ನೆನಪುಗಳನ್ನು ಕನ್ನಡದಲ್ಲಿ ಬರೆದಿಡಬೇಕು.

ನೀವು ಕೇಳಲು ಹೊರಟರೆ ‘ಜ್ಯೋತಿ’ಯಿಂದಲೇ ಶುರುಮಾಡಿ, ಆಮೇಲೆ ‘ಹಾಲೊಗಾಲೊ’, ಆಮೇಲೆ ‘ಟಾಗೊ ಮಾಗೊ’. ಫೋನಿನ ಪುಟ್ಟ ಸ್ಪೀಕರಿನಲ್ಲಿ ಬೇಡ. ಮಂದ್ರದ ಸ್ವರ ಅದರಲ್ಲಿ ಬರುವುದೇ ಇಲ್ಲ, ಈ ಸಂಗೀತದ ಅರ್ಧ ಜೀವ ಅಲ್ಲೇ ಇರುವುದು. ಮೊದಲ ಐದು ನಿಮಿಷದಲ್ಲಿ ಏನೂ ನಡೆಯುತ್ತಿಲ್ಲ ಅನ್ನಿಸಿದರೂ ನಿಲ್ಲಿಸಬೇಡಿ, ಪೂರ್ತಿ ಕೇಳಿ.